ಏಳನೇ ನಂಬರಿನ ಬಿದಿರು

ಇಂಡೋನೇಷ್ಯಾದಿಂದ ಕೆಂಗಲ್ ಪಕ್ಕದ ನಮ್ಮ ಸ್ಕೂಲಿಗೆ ಬಂದ ರತ್ನ ಮೇಡಂ ನನ್ನ ಕೈಗೆ ಏಳನೇ ನಂಬರಿನ ಆಂಗ್‌ಕ್ಲುಂಗ್ ಕೊಟ್ಟರು. ಚೌಕಟ್ಟಿನಲ್ಲಿ ಎರಡು ಬಿದಿರಿನ ಕೊಳವೆ ನೇತುಹಾಕಿದ ವಾದ್ಯ. ಅಲ್ಲಾಡಿಸಿದರೆ ಒಂದೇ ಸ್ವರ. ಒಬ್ಬೊಬ್ಬರಿಗೆ ಒಂದೊಂದು ನಂಬರು, ಅವರವರ ಸರದಿಗೆ ಅಲ್ಲಾಡಿಸಿದರೆ ಹಾಡು. ಪಕ್ಕದ ಜಾರಾಳ ಐದನೇ ನಂಬರು ಹಾಡಿನಲ್ಲಿ ಹದಿನಾರು ಸಲ ಬರುತ್ತಿತ್ತು. ನನ್ನದು ಕೊನೆಯ ಸಾಲಿನಲ್ಲಿ ಒಂದೇ ಸಲ. ಇಂಥ ಅನ್ಯಾಯವನ್ನು ಒಂಬತ್ತನೇ ಕ್ಲಾಸಿನವರೆಗೆ ನಾನು ಕಂಡಿರಲಿಲ್ಲ.

ಆದರೂ ಸ್ಕೂಲಿನ ಕಾರ್ಯಕ್ರಮಕ್ಕೆ ಅಜ್ಜಿ ಕೃಷ್ಣಮ್ಮನನ್ನು ಕರೆದೆ.

“ಒಂದ್ ಸದ್ದು ಕೇಳಕ್ಕೆ ಕುರಿ ಬುಟ್ಟು ಬರ್ಬೇಕೇನವ್ವ ಮಾನ್ಯ?” ಅಂದಳು. ಆದರೂ ಮದುವೆ ಮನೆಯ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತಳು. ಆ ಒಂದು ಸದ್ದು ಅವಳಿಗೆ ಕೇಳಿಸಲೇಬೇಕಿತ್ತು.

ನಾವು ಬಾರಿಸಿದೆವು. ರತ್ನ ಮೇಡಂ ಉದ್ದನೆಯ ಹಸಿರು ವಸ್ತ್ರ ಬೀಸುತ್ತಾ ಕುಣಿದರು. ಕೊನೆಯ ಸಾಲು ಬಂತು, ಕೈ ಎತ್ತಿದೆ. ಅಷ್ಟರಲ್ಲಿ ಗೇಟಿನಲ್ಲಿ ಕಾರಿನ ಹಾರ್ನ್. ಒಂದೂವರೆ ಗಂಟೆ ತಡವಾಗಿ ಮುಖ್ಯ ಅತಿಥಿ ಬಂದಿದ್ದರು, ಮಾಜಿ ತಾಲ್ಲೂಕು ಪಂಚಾಯಿತಿ ಸದಸ್ಯ ದೊಡ್ಡಹನುಮಯ್ಯ.

“ನಿಲ್ಸಿ, ನಿಲ್ಸಿ!” ಎಂದು ಪಿ.ಟಿ. ಮೇಷ್ಟ್ರು ಲೋಕೇಶ್ ಓಡಿ ಬಂದರು. ಸನ್ಮಾನ ಆಗದೆ ನಮ್ಮ ಕಡೆ ಗಾಳಿಯೂ ಬೀಸಬಾರದು. ಹಾರ ಇತ್ತು, ಪೇಟ ಇತ್ತು. ಶಾಲು ಮಾತ್ರ ಬೀರುವಿನಲ್ಲಿ, ಬೀರುವಿನ ಕೀ ಹೆಡ್ಮೇಷ್ಟ್ರ ಮನೆಯಲ್ಲಿ. ಮೇಷ್ಟ್ರು ಅತ್ತಿತ್ತ ನೋಡಿ, ಮೇಡಂ ಕುಣಿತ ನಿಲ್ಲಿಸಿ ಕುರ್ಚಿಗೆ ಹಾಕಿದ್ದ ಹಸಿರು ವಸ್ತ್ರವನ್ನೇ ಎತ್ತಿ ಅತಿಥಿಗೆ ಹೊದಿಸಿಬಿಟ್ಟರು. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಯಾಕೆಂದು ನಮಗೆ ಗೊತ್ತಿತ್ತು. ಅವರ ಊರಿನಲ್ಲಿ ಆ ವಸ್ತ್ರ ಯಾರ ಹೆಗಲಿಗೆ ಬಿತ್ತೋ ಅವರು ಎದ್ದು ಕುಣಿಯಬೇಕು, ಒಲ್ಲೆ ಅನ್ನುವ ಹಾಗಿಲ್ಲ. ಹಿಂದಿನ ದಿನವೇ ಹೇಳಿದ್ದರು.

ದೊಡ್ಡಹನುಮಯ್ಯ ಕುಣಿಯಲಿಲ್ಲ, ಭಾಷಣ ಮಾಡಿದರು. ಇಂಡೋನೇಷ್ಯಾದಿಂದ ಊರಿನ ಚರಂಡಿಗೆ ಬಂದರು, ಚರಂಡಿಯಿಂದ ತಮ್ಮ ಬಾಲ್ಯಕ್ಕೆ ಹೋದರು. ಅರ್ಧ ಗಂಟೆಯಾಯಿತು. ಅಜ್ಜಿ ಸೆರಗು ಕೊಡವಿ ಎದ್ದಳು.

“ಕುರಿ ಒಡ್ಕೊಂಡ್ ಬರ್ಬೇಕು. ಬತ್ತೀನವ್ವ.”

ನನಗೆ ಪಿತ್ತ ನೆತ್ತಿಗೇರಿತು. “ಸಾರ್, ಆ ಬಟ್ಟೆ ಹೊದ್ದೋರು ಕುಣೀಬೇಕು! ಮೇಡಂ ಊರಲ್ಲಿ ಹಂಗೇ ಐತೆ!” ಎಂದು ಕೂಗಿದೆ.

ಸಭೆ ಸಿಳ್ಳೆ ಹೊಡೆಯಿತು. “ಒಸಿ ಸೊಂಟ ನೋವೈತೆ ಕಣವ್ವ” ಅಂದರು ಅತಿಥಿ. ಆದರೆ ಮುಂದೆ ಕೂತಿದ್ದವರೆಲ್ಲ ಓಟಿನವರು. ಮೇಡಂ ಕೈ ಚಾಚಿದರು. ನಾವು ಮೊದಲಿನಿಂದ ಶುರು ಮಾಡಿದೆವು. ಅಜ್ಜಿ ಮತ್ತೆ ಕೂತಳು.

ದೊಡ್ಡಹನುಮಯ್ಯ ಕುಣಿದರು, ಅಂಗಳದ ಕೋಳಿ ಓಡಿಸುವವರ ಹಾಗೆ. ಪೇಟ ಜಾರಿ ಕಣ್ಣು ಮುಚ್ಚಿತು. ನನಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿ ನೋಡಿದರೆ ಹಾಡು ಮುಗಿದಿತ್ತು. ನನ್ನ ಸ್ವರ ಹೋಗಿತ್ತು. ಎಲ್ಲರೂ ಬಿದಿರು ಕೆಳಗಿಳಿಸಿ ತೆಪ್ಪಗೆ ನಿಂತಿದ್ದರು.

ಅಳು ಬಂತು. ತಡೆಯಲಾರದೆ ಅಲ್ಲಾಡಿಸಿಯೇಬಿಟ್ಟೆ. ಅಷ್ಟು ದೊಡ್ಡ ಅಂಗಳದಲ್ಲಿ ನನ್ನದೊಂದೇ ಸದ್ದು. ಲೋಕೇಶ್ ಮೇಷ್ಟ್ರು ಕಣ್ಣು ಕೆಕ್ಕರಿಸಿದರು.

“ಅದು! ಅದು ನಮ್ ಮಾನ್ಯಂದು!” ಎಂದು ಅಜ್ಜಿ ಚಪ್ಪಾಳೆ ಹೊಡೆದಳು.

ಸಂಜೆ ಹಟ್ಟಿ ಮುಂದೆ ಊರವರಿಗೆಲ್ಲ ಅದನ್ನೇ ಹೇಳಿದಳು: “ಮಿಕ್ಕಿದ್ದವೆಲ್ಲ ಒಟ್ಟಿಗೇ ಗಲಗಲ ಅಂದ್ವು. ಯಾವ್ದು ಯಾರ್ದು ಅಂತ್ಲೇ ತಿಳೀನಿಲ್ಲ. ನಮ್ ಕೂಸು ಒಬ್ಳೇ ಎಲ್ಲಾರೂ ಸುಮ್ಕಾಗ್ಲಿ ಅಂತ ಕಾದಿದ್ದು ಬಾರ್ಸುದ್ಲು.”

ನಾನು ತಿದ್ದಲು ಹೋಗಲಿಲ್ಲ.