ಅಲೆಕ್ಸಾಂಡರ್ ಗೈರುಹಾಜರಾದ ದಿನ

ಗಂಡ ಲತೇಶ್ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡ ಮೇಲೆ ಶರ್ಮಿಳಾ ನಂಬಿದ ಗಂಡಸರು ಇಬ್ಬರೇ. ಒಬ್ಬ ಅವನ ಗೆಳೆಯ ಪುರಂದರ. ಬರ್ ದುಬೈಯ ತನ್ನ ಪ್ರೆಸ್ಸಿನಲ್ಲಿ ಅವಳಿಗೆ ಕೆಲಸ ಕೊಟ್ಟವನು. ಇನ್ನೊಬ್ಬ, ಸತ್ತು ಎಪ್ಪತ್ತು ವರ್ಷವಾದ ಅಲೆಕ್ಸಾಂಡರ್.

ಅಲೆಕ್ಸಾಂಡರ್ ಅಮೆರಿಕದ ಗಣಿ ಊರೊಂದರ ವಕೀಲ. ಗಣಿಯಲ್ಲಿ ಸತ್ತವರ ಹೆಂಡಂದಿರ ಪರವಾಗಿ ಹನ್ನೊಂದು ವರ್ಷ ವಾದಿಸಿದ. ಆ ಊರಿನವರೇ ಮತ ಹಾಕಿ ಅವನನ್ನು ರಾಜ್ಯದ ಸೆನೆಟ್ಟಿಗೆ ಕಳಿಸಿದರು. ಖಲೀಫಾ ಸಿಟಿಯಲ್ಲಿ ಟೀಚರಾಗಿರುವ ಅವನ ಮೊಮ್ಮಗಳು ಪ್ಯಾಟ್ರಿಶಿಯಾ, ಅಜ್ಜನ ಡೈರಿಗಳನ್ನು ತಂದುಕೊಟ್ಟು ಪುರಂದರನ ಪ್ರೆಸ್ಸಿನಲ್ಲಿ ಪುಸ್ತಕ ಮಾಡಿಸುತ್ತಿದ್ದಳು. ಬರೆಯುವವಳು ಶರ್ಮಿಳಾ.

1913ರ ಮಾರ್ಚಿನಲ್ಲಿ, ಆ ವಿಧವೆಯರಿಗೆ ಪರಿಹಾರ ಕೊಡಿಸುವ ಮಸೂದೆ ಒಂದೇ ಮತ ಸಾಲದೆ ಬಿದ್ದುಹೋಯಿತು. ‘ಅಲೆಕ್ಸಾಂಡರ್ ಅಸ್ವಸ್ಥ, ಗೈರುಹಾಜರು’ ಎಂದಿತು ಸೆನೆಟ್ಟಿನ ದಾಖಲೆ. ಅದೇ ದಿನದ ಡೈರಿಯಲ್ಲಿ ಅವನೇ ಬರೆದಿದ್ದ: ‘ಗಣಿ ಮಾಲೀಕರ ಜೊತೆ ಸರೋವರಕ್ಕೆ. ಹದಿನಾಲ್ಕು ಮೀನು.’ ಮುಂದಿನ ವರ್ಷ ನ್ಯಾಯಾಧೀಶನಾದ.

ಶರ್ಮಿಳಾ ಮೂರು ಸಲ ಓದಿದಳು. ಇದ್ದದ್ದನ್ನು ಇದ್ದ ಹಾಗೇ ಬರೆದಳು.

“ಎಂತ ಮಾರಾಯ್ತಿ, ಮಣ್ಣಾಗಿ ಹೋದವ ಮೀನು ತಿಂದರೆ ನಿನಗೆಂತ ಹೊಟ್ಟೆನೋವು? ಆ ಸಾಲು ತೆಗಿ,” ಎಂದ ಪುರಂದರ.

“ಅದನ್ನು ತೆಗೆಯುವುದಾದ್ರೆ ನನ್ನ ಹೆಸರೂ ತೆಗೀರಿ ಪುರಂದರಣ್ಣ.”

“ಛೆ, ಅಷ್ಟಕ್ಕೆಲ್ಲ ಸಿಟ್ಟಾ? ಲತೇಶನ ಆಣೆ, ಒಂದಕ್ಷರ ಮುಟ್ಟುದಿಲ್ಲ. ಖಲಾಸ್.”

ಪುಸ್ತಕ ಬಿಡುಗಡೆಗೆ ಪ್ಯಾಟ್ರಿಶಿಯಾಳ ವಿಲ್ಲಾದಲ್ಲಿ ನಲವತ್ತು ಜನ ಸೇರಿದ್ದರು. ಶರ್ಮಿಳಾ ಒಂದು ಪ್ರತಿ ಎತ್ತಿಕೊಂಡು ಆ ಪುಟ ತೆರೆದಳು. ‘ಅಂದು ಅವರು ಜ್ವರದಿಂದ ಹಾಸಿಗೆ ಹಿಡಿದಿದ್ದರು. ಮಸೂದೆ ಬಿದ್ದ ಸುದ್ದಿ ಕೇಳಿ ಅತ್ತರು.’ ಕೆಳಗೆ ಸಣ್ಣ ಅಕ್ಷರದಲ್ಲಿ: ‘ಡೈರಿಯನ್ನು ಸ್ವತಃ ಓದಿ ಖಚಿತಪಡಿಸಿದವರು ಶರ್ಮಿಳಾ.’

ಪುರಂದರ ಜ್ಯೂಸಿನ ಗ್ಲಾಸು ನೋಡುತ್ತಾ ಹೇಳಿದ, “ಪ್ಯಾಟ್ರಿಶಿಯಾ ಬದಲಿಸ್ಲಿಕ್ಕೆ ಹೇಳಿದ್ರು, ನಾನೆಂತ ಮಾಡ್ಲಿ? ನಿನ್ನ ವೀಸಾ ಸಹ ಈ ಪ್ರೆಸ್ಸಿನದ್ದೇ ಅಲ್ವಾ ತಂಗಿ?”

ಅಷ್ಟರಲ್ಲಿ ಪ್ಯಾಟ್ರಿಶಿಯಾ ಬಂದು ಶರ್ಮಿಳಾಳ ಕೈಗೆ ಪೆನ್ನು ಕೊಟ್ಟು, ಬಂದವರಿಗೆಲ್ಲ ಲೇಖಕಿಯ ಸಹಿ ಬೇಕಂತೆ ಎಂದು ಮೇಜಿನ ಮುಂದೆ ಕೂರಿಸಿದಳು.

ಶರ್ಮಿಳಾ ಮೊದಲ ಪ್ರತಿಯಲ್ಲಿ ಆ ಪುಟ ಹುಡುಕಿದಳು. ಜ್ವರದ ಸಾಲನ್ನು ಹೊಡೆದುಹಾಕಿ, ಡೈರಿಯ ಸಾಲನ್ನು ಅಂಚಿನಲ್ಲಿ ದುಂಡಗೆ ಬರೆದು, ಕೆಳಗೆ ಸಹಿ ಮಾಡಿದಳು. ಮುಚ್ಚಿ ಕೊಟ್ಟಳು. ಇನ್ನೊಂದನ್ನು ತೆಗೆದುಕೊಂಡಳು.

“ಒಂದು ಸಹಿಗೆ ಎಷ್ಟು ಹೊತ್ತು ಮಾರಾಯ್ತಿ? ಯಲ್ಲಾ, ಬೇಗ ಬಾ, ಊಟ ತಣ್ಣಗಾಗ್ತದೆ!” ದೂರದಿಂದ ಪುರಂದರ ಕೂಗಿದ.

ಆಗ ಅವಳು ಏಳನೆಯ ಪ್ರತಿಯಲ್ಲಿದ್ದಳು.