ಗರಂ ಸೂಜಿ

ವಳಕಮದಿನ್ನಿ ಕಾಲುವಿ ದಂಡಿ ಮ್ಯಾಲ ಹನ್ನೊಂದು ಹೆಣ್ಮಕ್ಕಳು ತೋಳು ಚಾಚಿ ಸಾಲಾಗಿ ಕುಂತಿದ್ದು ನೋಡಿ ಜಂಬಮ್ಮಗ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಇವರನ್ನೆಲ್ಲ ಪಾಮನಕಲ್ಲೂರಿನಿಂದ ನೆಲ್ಲು ಹಚ್ಚಾಕ ಕರ್ಕೊಂಡು ಬಂದಾಕಿ ಅಕಿನೇ. ನಾಕು ದಿನ ಕೆಸರಾಗ ಬಗ್ಗಿ ಬಗ್ಗಿ ಎಲ್ಲಾರ ನಡಾ ಹೋಗಿತ್ತು. ಒಂದಿನ ಸೂಟಿ ಕೊಡ್ರಿ ಅಂತ ಕೇಳಿದ್ರ, ಹೊಲದ ಸಾವ್ಕಾರ ಅಮರಗುಂಡಪ್ಪ ಸೂಟಿ ಬದ್ಲಿ ಸಿಂಧನೂರಿನಿಂದ ಸೂಜಿ ಆದಪ್ಪನ್ನ ಕರಿಸಿದ್ದ!

ಈ ಆದಪ್ಪ ಯಾವ ಕಾಲೇಜೂ ಕಂಡವಲ್ಲ. ಆರು ವರ್ಷ ಕಂಪೌಂಡರ್ ಆಗಿದ್ದ, ಆಮ್ಯಾಲ ತಾನಾ ಡಾಕ್ಟರ್ ಆದ. ಅವನ ಕ್ಯಾಲ್ಸಿಯಂ ಇಂಜೆಕ್ಷನ್ನಿಗೆ ಮಂದಿ ಗರಂ ಸೂಜಿ ಅಂತಿದ್ರು. ನರಕ್ಕ ಹಾಕಿದ ಕೂಡ್ಲೆ ಗಂಟಲದಿಂದ ಅಂಗಾಲತನಕ ಬಿಸಿ ಹರೀತಿತ್ತು. ಬಿಸಿ ಹರದ್ರ ಶಕ್ತಿ ಬಂತು ಅಂತ ತಿಳಕೊಳ್ಳೂ ಮಂದಿ! ತೊಂಬತ್ತೊಂದನೇ ಇಸ್ವಿ ಬಂದ್ರೂ ಎಲ್ಲಾರಿಗೂ ಒಂದೇ ಸೂಜಿ, ಥೂ.

ಜಂಬಮ್ಮನ ಮಗಳು ಯಮನೂರಮ್ಮ ಒಲಿ ಮುಂದ ಇದ್ಳು. ಅಕಿ ಗುಂಡಿಗಿ ಸೋತಿತ್ತು, ಅದಕ್ಕ ಬರೀ ಅಡಗಿ ಮಾಡಾಕ ಬಂದಿದ್ಳು.

"ಮೊದ್ಲು ಅಕಿಗೆ ಹಾಕೋ ಆದಪ್ಪ, ಅಕಿನೂ ಗದ್ದಿಗಿಳೀಲಿ. ಕೈ ಕೆಸರಾದ್ರ ಬಾಯಿ ಮೊಸರು," ಅಂದ ಸಾವ್ಕಾರ.

"ಕೆಸರು ನಮಗ, ಮೊಸರು ನಿಮಗ! ಚಲೋ ಹೇಳಿದ್ರಿ ಸಾವ್ಕಾರ್ರ," ಅಂತ ಜಂಬಮ್ಮ ಮಗಳ ಮುಂದ ಅಡ್ಡ ನಿಂತ್ಳು. "ಅಕಿ ಲಿಂಗಸುಗೂರು ದವಾಖಾನಿ ಗುಳಿಗಿ ನುಂಗಾಕತ್ತಾಳ. ಈ ಸೂಜಿ ಹಾಕಿದ್ರ ಸಾಯ್ತಾಳ."

"ಎಲಾ ಇವಳ! ಯಾವಾಗ ಓದಿದೆವ್ವ ಡಾಕ್ಟರಿಕಿ?" ಅಂತ ಸಾವ್ಕಾರ ನಕ್ಕ.

"ಓದಿಲ್ಲ, ಕೇಳೀನಿ. ಅಲ್ಲಿ ಡಾಕ್ಟರಮ್ಮ ಬಿಡಿಸಿ ಹೇಳ್ಯಾರ. ಗುಂಡಿಗಿ ಪ್ರತಿ ಸಲ ಹಿಂಡಬೇಕಾದ್ರ ಅದರ ಮಾಂಸದೊಳಗ ಚೂರು ಸುಣ್ಣದಂಶ ಬರಬೇಕಂತ. ಅದು ಸರದ ಮ್ಯಾಲೇ ಗುಂಡಿಗಿ ಸಡಲಾಗೂದಂತ. ನನ್ನ ಮಗಳ ಗುಂಡಿಗಿಗೆ ಹಿಂಡೂ ತಾಕತ್ತು ಸಾಲವಲ್ದು, ಅದಕ್ಕ ಗುಳಿಗಿ ಆ ಸುಣ್ಣಾನ ಒಂದೀಟು ಹೆಚ್ಚು ಉಳಸತೈತಿ. ಎಲಿಗೆ ಉಗುರಿನಷ್ಟು ಸುಣ್ಣ ಹಚ್ಚಿದ್ರ ಬಾಯಿ ಕೆಂಪು, ಬೆರಳ ತುಂಬ ಹಚ್ಚಿದ್ರ ಬಾಯೆಲ್ಲಾ ಹುಣ್ಣು. ನಿನ್ನ ಸೂಜ್ಯಾಗಿನ ಕ್ಯಾಲ್ಸಿಯಂ ಅಂದ್ರೂ ಅದಾ ಸುಣ್ಣ ಅಲ್ಲೇನೋ ಆದಪ್ಪ! ಗುಂಡಿಗಿ ಬಿಗದು ಹಂಗಾ ನಿಂತ್ರ ಸಾವ್ಕಾರ್ರು ತಂದು ಕೊಡ್ತಾರೇನು ನನ್ನ ಮಗಳ್ನ?"

"ಸೂಜಿ ಬ್ಯಾಡಾದ್ರ ಕೆಲಸಾನೂ ಬ್ಯಾಡ. ಎಲ್ಲಾರೂ ಗಂಟು ಕಟ್ರಿ," ಅಂದ ಸಾವ್ಕಾರ.

ಹೆಣ್ಮಕ್ಕಳು ಒಬ್ಬರ ಮಾರಿ ಒಬ್ಬರು ನೋಡ್ಕೊಂಡ್ರು. "ಬಿಡಬೇ ಯವ್ವಾ, ಒಂದು ಸೂಜಿಗೆ ಏನಾಗತೈತಿ," ಅಂತ ಯಮನೂರಮ್ಮ ತಾನಾ ತೋಳು ಚಾಚಿದ್ಳು. ಜಂಬಮ್ಮ ಅಕಿ ಕೈಗೆ ರಪ್ಪಂತ ಹೊಡದ್ಳು.

ಆದಪ್ಪ ಮಾತ್ರ ಹತ್ತರ ಬಂದ. "ಆ ಗುಳಿಗಿ ತೋರ್ಸು ಯಕ್ಕಾ," ಅಂದ. ಜಂಬಮ್ಮ ಸೆರಗಿನ ಗಂಟು ಬಿಚ್ಚಿ ತೋರ್ಸಿದ್ಳು. ಅವ ಗುಳಿಗಿ ಪಟ್ಟಿ ಹಿಂದಿನ ಹೆಸರು ಎರಡು ಸಲ ಓದಿದ. ಮಾರಿ ಬಿಳಿಚ್ಕೊಂತು.

"ನಮ್ಮವ್ವಗೂ ಇದಾ ಕೊಟ್ಟಿದ್ರು," ಅಂದ, ಸಣ್ಣ ದನಿಯಾಗ. "ಹ್ವಾದ ವರ್ಷ, ಶಕ್ತಿ ಬರ್ಲಿ ಅಂತ ನಾನಾ ಗರಂ ಸೂಜಿ ಹಾಕಿದ್ನಿ. ಸೂಜಿ ಹೊರಗ ತಗಿಯೂದ್ರಾಗ ಜೀವ ಬಿಟ್ಳು. ವಯಸ್ಸಾಗಿತ್ತು, ಅದಕ್ಕ ಹ್ವಾದ್ಳು ಅಂದ್ಕೊಂಡಿದ್ನಿ."

ಜಂಬಮ್ಮಗ ಪಾಪ ಅನ್ನಿಸ್ತು, ಖರೇನ.

"ಏನಲೇ ಅದು ಗುಸುಗುಸು? ಹೊತ್ತೇರಾಕತ್ತೈತಿ!" ಅಂತ ಸಾವ್ಕಾರ ಒದರಿದ. ಆದಪ್ಪ ಕಣ್ಣೊರಸ್ಕೊಂಡ. ಹೊಳ್ಳಿ ಹೋಗಿ, ಸಾಲಿನಾಗ ಮೊದಲ ಕುಂತಿದ್ದ ಗ್ಯಾನಮ್ಮನ ತೋಳು ಹಿಡದು, ನರ ಹುಡಕಾಕತ್ತಿದ.

ಇಂಥವಗ ಮರುಗಿದೆನಲ್ಲ ಅಂತ ಜಂಬಮ್ಮಗ ತನ್ನ ಮ್ಯಾಲೇ ಹೇಸಿಗಿ ಬಂತು.

"ಹೆತ್ತಾಕಿನ್ನ ಕಳಕೊಂಡ ಮ್ಯಾಲೂ ನಿನಗ ಸಾವ್ಕಾರನ ಮಾತಾ ದೊಡ್ಡದಾತೇನೋ ಭಾಡ್ಯಾ!" ಅಂತ ಆಚಿ ದಂಡಿಗೂ ಕೇಳೂವಂಗ ಒದರಿದ್ಳು. "ಗ್ಯಾನೀ, ಕೈ ಕೊಡಬ್ಯಾಡಬೇ! ನೀ ಏನು ನುಂಗ್ತಿ, ನಿನ್ನ ಗುಂಡಿಗಿ ಹೆಂಗೈತಿ, ಒಂದು ಮಾತು ಕೇಳ್ಯಾನೇನು ಇವ?"

ಗ್ಯಾನಮ್ಮ ಸಾವ್ಕಾರನ್ನ ನೋಡಿದ್ಳು. ಆದಪ್ಪನ್ನ ನೋಡಿದ್ಳು. ತೋಳು ಬಿಡಿಸ್ಕೊಂಡು, ಮ್ಯಾಲ ಸೆರಗು ಹೊಚ್ಕೊಂಡ್ಳು.