ಎರಡು ಬೆರಳು ಅಂಚು

"ಅಲ್ಲಾಡಬೇಡಿ ಮೇಷ್ಟ್ರೇ," ಎಂದ ಟೈಲರ್. ಮೇಷ್ಟ್ರು ಅನ್ನಿಸಿಕೊಂಡವನು ಅಲ್ಲಾಡಿರಲಿಲ್ಲ.

ನೆಲಕ್ಕೆ ಹಾಸಿದ ದೊಡ್ಡ ಬಿಳಿ ಕಾಗದದ ಮೇಲೆ ಅಂಗಾತ ಮಲಗಿದ್ದ. ಟೈಲರ್‌ನ ಪೆನ್ಸಿಲ್ ಕಂಕುಳಿನಿಂದ ಇಳಿದು ಸೊಂಟದ ಪಕ್ಕ ಹಾಯುತ್ತಿತ್ತು. ಮಾನಸಿಕ ಆಸ್ಪತ್ರೆಯ ಚಿಕಿತ್ಸೆಯ ಗುಂಪಿನಲ್ಲಿ ಈ ದಿನದ ಕೆಲಸ ಇಷ್ಟೇ: ಒಬ್ಬರ ಮೈಯ ಗೆರೆಯನ್ನು ಇನ್ನೊಬ್ಬರು ಎಳೆಯಬೇಕು, ಆಮೇಲೆ ಅವರವರ ಗೆರೆಯೊಳಗೆ ಅವರವರೇ ಬಣ್ಣ ತುಂಬಬೇಕು. ಸಂಜೆ ಮನೆಯವರು ನೋಡಲು ಬರುತ್ತಾರೆ.

ಎದ್ದು ನೋಡಿದ. ಗೆರೆ ಸುತ್ತಲೂ ಅವನಿಗಿಂತ ದಪ್ಪವಾಗಿತ್ತು.

"ಇದು ನಾನಲ್ಲ."

"ಅಯ್ಯೋ, ಹೊಲಿಗೆಗೆ ಅಂತ ಎರಡು ಬೆರಳು ಅಂಚು ಬಿಟ್ಬಿಟ್ಟೆ. ಅಭ್ಯಾಸಬಲ ನೋಡಿ," ಟೈಲರ್ ತಲೆ ಕೆರೆದುಕೊಂಡ. "ತುಂಬಿದ್ರೆ ಸರಿಹೋಗುತ್ತೆ ಬಿಡಿ."

ಏನನ್ನು ತುಂಬುವುದು? ಕಳೆದ ವಾರ ಹೆಂಡತಿ ಹೇಳಿ ಹೋಗಿದ್ದಳು: "ನಿಮ್ಮೊಳಗೆ ಏನಾದ್ರೂ ಇದೆ ಅಂತ ಒಂದ್ಸಲ ತೋರಿಸಿ, ಕರ್ಕೊಂಡು ಹೋಗ್ತೀನಿ. ಇಲ್ದಿದ್ರೆ ನಾನೂ ಮಗಳೂ ಹೀಗೇ ಇದ್ದುಬಿಡ್ತೀವಿ." ಅವನಿಗೆ ಮನೆಗೆ ಹೋಗಬೇಕಿತ್ತು. ಖಚಿತವಾಗಿ ಗೊತ್ತಿದ್ದದ್ದು ಅದೊಂದೇ.

ಆದರೆ ಓದಿಕೊಂಡವನ ಕಷ್ಟ ಬೇರೆ. ಕೆಂಪು ಹಚ್ಚಿದರೆ ಸಿಟ್ಟು ಎನ್ನುತ್ತಾರೆ, ಕಪ್ಪು ಹಚ್ಚಿದರೆ ಹತಾಶೆ, ಹಸಿರು ಹಚ್ಚಿದರೆ ನಾಟಕ. ಅಳೆದೂ ಸುರಿದೂ ಕೊನೆಗೆ ಏನೂ ಹಚ್ಚಲಿಲ್ಲ. ಕುಂಚ ಕೈಯಲ್ಲೇ ಒಣಗಿತು.

ಪಕ್ಕದಲ್ಲಿ ಟೈಲರ್ ನಾಲಿಗೆ ಕಚ್ಚಿಕೊಂಡು ತನ್ನ ಗೆರೆಯ ಎದೆಯೊಳಗೆ ಪುಟ್ಟ ಹಳದಿ ಫ್ರಾಕು ಬರೆಯುತ್ತಿದ್ದ. ನೆರಿಗೆ, ಗುಂಡಿ, ಎಲ್ಲ ಇತ್ತು.

"ಯಾರಿಗೆ?"

"ಮಗಳಿಗೆ."

"ಈಗೆಷ್ಟು ವಯಸ್ಸು?"

"ಈ ಫ್ರಾಕಿನಷ್ಟೇ," ಎಂದ ಟೈಲರ್. "ಇನ್ನು ಬೆಳೆಯಲ್ಲ."

ಸಂಜೆ ಹೆಂಡತಿ ಬಂದಳು. ಗೋಡೆಗೆ ಅಂಟಿಸಿದ ಚಿತ್ರಗಳಿಗೆ ಹೆಸರಿರಲಿಲ್ಲ. ಮನೆಯವರೇ ಗುರುತು ಹಿಡಿಯಲಿ ಎಂಬುದು ಡಾಕ್ಟರಮ್ಮನ ಆಸೆ. ಖಾಲಿ ಗೆರೆಯನ್ನು ದಾಟಿಹೋದ ಹೆಂಡತಿ ಹಳದಿ ಫ್ರಾಕಿನ ಮುಂದೆ ನಿಂತಳು. ಅವಳ ಕಣ್ಣು ತುಂಬಿತು.

"ಇದು ನಿಮ್ಮದೇ ಅಲ್ವಾ? ನಮ್ಮವಳ ಫ್ರಾಕು."

ಟೈಲರ್ ಅಲ್ಲೇ ನಲ್ಲಿಯ ಕೆಳಗೆ ಕುಂಚ ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ.

"ಹೂಂ, ನಂದೇ," ಎಂದ ಅವನು ಹೆಂಡತಿಗೆ.

"ಭಾನುವಾರ ಬರ್ತೀನಿ, ಬಟ್ಟೆ ಜೋಡಿಸ್ಕೊಂಡಿರಿ. ಇದನ್ನ ಅವಳಿಗೆ ತೋರಿಸ್ಲಾ?"

"ತಗೊಂಡು ಹೋಗು."

ಎಷ್ಟು ಸಲೀಸಾಗಿ ಆಗಿಹೋಯಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

ಕಿಟಕಿಯಿಂದ ನೋಡಿದ. ಸುತ್ತಿದ ಚಿತ್ರವನ್ನು ನಿದ್ದೆಹೋದ ಮಗುವಿನಂತೆ ಹೆಗಲಿಗೊರಗಿಸಿಕೊಂಡು ಅವಳು ಗೇಟು ದಾಟಿದಳು.

ಏನಾದರೂ ಹೇಳಬೇಕೆಂದು ತಿರುಗಿದ. ಟೈಲರ್ ಕೈ ಒರೆಸಿಕೊಳ್ಳುತ್ತಿದ್ದ.

"ಗೋಡೆ ಮೇಲೆ ಖಾಲೀದು ಒಂದು ಉಳೀತಲ್ಲ ಮೇಷ್ಟ್ರೇ. ಯಾರದು ಅಂತ ಡಾಕ್ಟರಮ್ಮ ಕೇಳಿದ್ರೆ ನಂದು ಅಂತೀನಿ ಬಿಡಿ."

ಟೈಲರ್ ಹೊರಟುಹೋದ. ಕೋಣೆ ಖಾಲಿಯಾಯಿತು. ಅವನು ಆ ಖಾಲಿ ಕಾಗದವನ್ನು ಗೋಡೆಯಿಂದ ಬಿಡಿಸಿ ನೆಲಕ್ಕೆ ಹಾಸಿದ. ಮೇಲೆ ಮಲಗಿ ಕೈ, ಕಾಲು, ತಲೆ ಹೊಂದಿಸಿಕೊಂಡ. ಸುತ್ತಲೂ ಎರಡು ಬೆರಳು ಬಿಳಿ ಉಳಿದಿತ್ತು.

ಅಲ್ಲಾಡಿ ನೋಡಿದ. ಗೆರೆ ಎಲ್ಲೂ ತಾಗಲಿಲ್ಲ.